‘ಪರಿಣಾಮ ನಗಣ್ಯ’ ಎಂಬ ಪುಟದ ಹಿಂದೆ

ಬೆಂಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ ದೊಡ್ಡ ಅಪಾರ್ಟ್‌ಮೆಂಟೋ ಮಾಲೋ ಬರುವುದಿದ್ದರೆ ಅದರ ಕಡತದಲ್ಲಿ ಸಂಚಾರ ಪರಿಣಾಮ ಅಧ್ಯಯನದ ವರದಿಯೂ ಇರುತ್ತದೆ. ರಸ್ತೆಯಲ್ಲಿ ಈಗ ಎಷ್ಟು ವಾಹನ ಓಡುತ್ತಿವೆ, ಕಟ್ಟಡ ತುಂಬಿದ ಮೇಲೆ ಎಷ್ಟಾಗುತ್ತವೆ, ರಸ್ತೆ ಅದನ್ನು ತಾಳುತ್ತದೆಯೇ ಎಂದು ಅದು ಹೇಳಬೇಕು. ಕೊನೆಯ ಪುಟದಲ್ಲಿ ‘ಪರಿಣಾಮ ನಗಣ್ಯ’ ಎಂದಿದ್ದರೆ ಸುತ್ತಲಿನ ನಿವಾಸಿಗಳು ಅಷ್ಟನ್ನೇ ಓದಿ ಕೈಚೆಲ್ಲುತ್ತಾರೆ. ಆ ತೀರ್ಮಾನ ಹುಟ್ಟುವುದು ಹಿಂದಿನ ಪುಟಗಳ ಊಹೆಗಳಲ್ಲಿ. ಅವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

“ಅದು ಎಂಜಿನಿಯರುಗಳ ಲೆಕ್ಕ, ನಮಗೆ ತಿಳಿಯದು”

ಕೂಡಿ, ಗುಣಿಸಿ, ಭಾಗಿಸಲು ಬಂದರೆ ಸಾಕು. ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ, ಅದನ್ನು ಪಿಸಿಯು ಎನ್ನುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ಕೊಟ್ಟ ಐಆರ್‌ಸಿ 106 ಮಾರ್ಗಸೂಚಿಯ ಪ್ರಕಾರ, ಒಟ್ಟು ವಾಹನಗಳಲ್ಲಿ ಬೈಕು–ಸ್ಕೂಟರುಗಳ ಪಾಲು ಶೇ 5 ಇದ್ದರೆ ತಲಾ 0.5, ಶೇ 10 ಅಥವಾ ಹೆಚ್ಚಿದ್ದರೆ 0.75. ಆಟೊಗೆ ಇದೇ ಕ್ರಮದಲ್ಲಿ 1.2 ಮತ್ತು 2. ಬಸ್ಸುಗಳ ಪಾಲು ಕಡಿಮೆಯಿದ್ದರೆ ತಲಾ 2.2.

ಒಂದು ರಸ್ತೆಯಲ್ಲಿ ಬೆಳಗಿನ ಒಂದು ಗಂಟೆಯಲ್ಲಿ ಎರಡೂ ದಿಕ್ಕು ಸೇರಿ 1,200 ದ್ವಿಚಕ್ರ ವಾಹನ, 400 ಕಾರು, 200 ಆಟೊ, 40 ಬಸ್ಸು ಓಡಿದವು ಎಂದಿಟ್ಟುಕೊಳ್ಳಿ. ದ್ವಿಚಕ್ರ ವಾಹನ, ಆಟೊ ಎರಡರ ಪಾಲೂ ಶೇ 10 ದಾಟಿರುವುದರಿಂದ ದೊಡ್ಡ ಗುಣಕವೇ ಸರಿ. ಮೊತ್ತ 1,788. ಸಣ್ಣ ಗುಣಕ ಹಾಕಿದರೆ ಅದೇ ವಾಹನಗಳು 1,328ಕ್ಕೆ ಇಳಿಯುತ್ತವೆ.

ಇನ್ನು ರಸ್ತೆಯ ಸಾಮರ್ಥ್ಯ. ಅದೇ ಮಾರ್ಗಸೂಚಿಯಲ್ಲಿ ಎರಡು ಲೇನಿನ, ಎರಡೂ ಕಡೆ ವಾಹನ ಓಡಾಡುವ ರಸ್ತೆಗೆ ಗಂಟೆಗೆ 1,500, 1,200, 900 ಎಂಬ ಮೂರು ಅಂಕಿಗಳಿವೆ. 1,500 ಅನ್ವಯಿಸುವುದು ಪಕ್ಕದ ಮನೆ–ಅಂಗಡಿಗಳಿಂದ ನೇರ ಪ್ರವೇಶವಿಲ್ಲದ, ಎಲ್ಲೂ ವಾಹನ ನಿಲ್ಲಿಸದ ಪ್ರಧಾನ ರಸ್ತೆಗೆ. ಬೇಕರಿ ಮುಂದೆ ಸ್ಕೂಟರ್ ನಿಂತಿರುವ, ಹತ್ತು ಹೆಜ್ಜೆಗೊಂದು ಗೇಟು ತೆರೆಯುವ, ಅಡ್ಡರಸ್ತೆಗಳಿಂದ ವಾಹನ ನುಗ್ಗುವ ನಮ್ಮ ಬಡಾವಣೆ ರಸ್ತೆಗೆ 900. ಈಗ ಭಾಗಿಸಿ ನೋಡಿ. 1,328ನ್ನು 1,500ರಿಂದ ಭಾಗಿಸಿದರೆ 0.89, ಅಂದರೆ ರಸ್ತೆಯಲ್ಲಿ ಇನ್ನೂ ಜಾಗವಿದೆ. 1,788ನ್ನು 900ರಿಂದ ಭಾಗಿಸಿದರೆ ಸುಮಾರು 2, ಅಂದರೆ ರಸ್ತೆ ಈಗಾಗಲೇ ತಾಳಬಲ್ಲದ್ದರ ಎರಡರಷ್ಟು ಹೊತ್ತಿದೆ. ರಸ್ತೆ ಅದೇ, ವಾಹನಗಳೂ ಅವೇ. ವರದಿ ಓದುವವರು ಮೊದಲು ಹುಡುಕಬೇಕಾದದ್ದು ಈ ಎರಡು ಕೋಷ್ಟಕಗಳನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರು 2017ರ ಇಂಡೋ-ಎಚ್‌ಸಿಎಂ ಕೈಪಿಡಿ ಬಳಸುತ್ತಾರೆ, ಅದೂ ಸರಿಯೇ. ಆದರೆ ಗುಣಕ ಒಂದರಿಂದ, ಸಾಮರ್ಥ್ಯ ಇನ್ನೊಂದರಿಂದ ಎತ್ತಿಕೊಂಡಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ.

“ಬಿಲ್ಡರ್ ದುಡ್ಡು ಕೊಟ್ಟು ಬರೆಸಿದ್ದು, ಸುಳ್ಳೇ ಇರುತ್ತದೆ”

ಖರ್ಚು ಯೋಜನೆಯವರದೇ. ಅಷ್ಟರಿಂದಲೇ ವರದಿ ಸುಳ್ಳಾಗುವುದಿಲ್ಲ. ‘ಇದು ಮೋಸ’ ಎಂದು ಬರೆದ ಪತ್ರವನ್ನು ಅಧಿಕಾರಿ ಬದಿಗಿಡಬಹುದು. ‘ಕೋಷ್ಟಕದಲ್ಲಿ 900ರ ಜಾಗದಲ್ಲಿ 1,500 ಏಕೆ?’ ಎಂಬ ಪತ್ರಕ್ಕೆ ಉತ್ತರ ಕೊಡದಿರುವುದು ಕಷ್ಟ.

“ಎಣಿಕೆ ಎಂದರೆ ಎಣಿಕೆ, ಯಾವ ದಿನವಾದರೇನು?”

ಏಪ್ರಿಲ್–ಮೇ ತಿಂಗಳ ರಜೆಯಲ್ಲೋ ದಸರಾ ರಜೆಯಲ್ಲೋ ಎಣಿಸಿದರೆ ಶಾಲಾ ವ್ಯಾನುಗಳೂ ಮಕ್ಕಳನ್ನು ಬಿಡಲು ಬರುವ ಸ್ಕೂಟರುಗಳೂ ಲೆಕ್ಕಕ್ಕೇ ಸಿಗುವುದಿಲ್ಲ. ವಸತಿ ಯೋಜನೆಗೆ ಕೆಲಸದ ದಿನದ ಬೆಳಗ್ಗೆ ಮುಖ್ಯ, ಮಾಲಿಗೆ ಶನಿವಾರ–ಭಾನುವಾರದ ಸಂಜೆ. ಎಣಿಸಿದ ಜಾಗವೂ ಮುಖ್ಯ. ವಾಹನಗಳು ಸಾಲುಗಟ್ಟುವುದು ಸರ್ಕಲ್ಲಿನಲ್ಲಿ, ಎಣಿಕೆ ನಡೆದದ್ದು ರಸ್ತೆಯ ನಡುಭಾಗದಲ್ಲಿ ಮಾತ್ರ ಎಂದಾದರೆ ನಮ್ಮ ನಿತ್ಯದ ಕಾಯುವಿಕೆ ವರದಿಗೆ ಬಂದೇ ಇಲ್ಲ. ಪಕ್ಕದಲ್ಲೇ ಮಂಜೂರಾಗಿ ಏಳುತ್ತಿರುವ ಇತರ ಕಟ್ಟಡಗಳ ವಾಹನಗಳನ್ನು ಸೇರಿಸಿದ್ದಾರೆಯೇ ಎಂದೂ ಕೇಳಿ.

“ರಸ್ತೆ ಹೇಗೂ ಅಗಲವಾಗುತ್ತದಲ್ಲ”

ಮಾಸ್ಟರ್ ಪ್ಲಾನಿನ ಗೆರೆಯನ್ನು ಇರುವ ರಸ್ತೆಯೆಂದೇ ಎಣಿಸುವುದು ನನಗೆ ತೀರಾ ಬೇಸರ ತರಿಸುವ ಸಂಗತಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಹದಿನೈದು ವರ್ಷ ಕಳೆದರೂ ಅದು ಕಾಗದದಲ್ಲೇ ಇತ್ತು. ಕಟ್ಟಡದಲ್ಲಿ ಜನ ಬಂದು ನೆಲೆಸುವ ಹೊತ್ತಿಗೆ ಭೂಸ್ವಾಧೀನ ಮುಗಿದಿರುತ್ತದೆಯೇ, ಹಣ ಮಂಜೂರಾಗಿದೆಯೇ ಎಂಬುದಕ್ಕೆ ದಾಖಲೆ ಬೇಕು. ಇಲ್ಲವಾದರೆ ಇಂದಿನ ಅಗಲಕ್ಕೇ ಲೆಕ್ಕ ಹಾಕಬೇಕು.

“ಪಾರ್ಕಿಂಗ್ ಧಾರಾಳವಾಗಿದೆ, ಚಿಂತೆಯಿಲ್ಲ”

ಪಾರ್ಕಿಂಗ್‌ನಿಂದ ರಸ್ತೆಬದಿ ಖಾಲಿಯಾದೀತು. ಆದರೆ ಅಲ್ಲಿ ನಿಲ್ಲುವ ಪ್ರತಿ ಕಾರೂ ಅದೇ ಗೇಟಿನಿಂದ ಅದೇ ರಸ್ತೆಗೆ ಇಳಿಯಬೇಕು.

“ಸಾರ್ವಜನಿಕ ಅಹವಾಲಿನಲ್ಲಿ ಕೇಳೋಣ”

ಬಹಳ ಮಂದಿ ಎಡವುವುದು ಇಲ್ಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಿಗೆ ಪೂರ್ವಾನುಮತಿ ಬೇಕು. ಆದರೆ ಕಟ್ಟಡ ನಿರ್ಮಾಣ ಯೋಜನೆಗಳಿಗೆ ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ಯಾರೂ ಕರೆಯುವುದಿಲ್ಲ, ನಾವೇ ಹೋಗಬೇಕು. ಪರಿಸರ ಅನುಮತಿಯ ಪರಿವೇಶ್ ಪೋರ್ಟಲಿನಲ್ಲಿ ಯೋಜನೆಯ ಅರ್ಜಿ ಹುಡುಕಿ. ವರದಿಯಾಗಲಿ ಎಣಿಕೆಯ ಮೂಲ ಹಾಳೆಗಳಾಗಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಅನುಮತಿಗೆ ಮೊದಲೇ ರಾಜ್ಯದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ಪುಟಸಂಖ್ಯೆ ಸಮೇತ ಆಕ್ಷೇಪ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ. ತಡವಾದುದಕ್ಕೆ ಸಕಾರಣವಿದ್ದರೆ ಮಂಡಳಿ ಇನ್ನು 60 ದಿನದವರೆಗೆ ಒಪ್ಪಬಹುದು, ಆಮೇಲೆ ಆ ದಾರಿ ಮುಚ್ಚುತ್ತದೆ.