ಊರಿನ ಸುಂಕ ಊರಿಗೆ ಸಲ್ಲುವ ಬಗೆ

ಬಂಧುಗಳೊಬ್ಬರ ಗೃಹಪ್ರವೇಶದ ನಿಮಿತ್ತ ನಾವು ಮುಳಬಾಗಿಲು ತಾಲ್ಲೂಕಿನ ತಾಯಲೂರಿಗೆ ಹೋಗಿದ್ದೆವು. ಹೋಬಳಿ ಕೇಂದ್ರವಾದ ಊರು. ಆಂಧ್ರದ ಗಡಿಗೆ ಸಮೀಪವಾದುದರಿಂದ ಅಂಗಡಿಬೀದಿಯಲ್ಲಿ ಕನ್ನಡ, ತೆಲುಗುಗಳೆರಡೂ ಬೆರೆತು ಕೇಳಿಬರುತ್ತವೆ. ಪೂಜೆ, ಪ್ರಸಾದಗಳು ಮುಗಿದ ಮೇಲೆ ಜಗುಲಿಯ ಮೇಲೆ ಮಾತಿಗೆ ಕುಳಿತಾಗ, ಹೊಸ ಮನೆಗೆ ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ನಮ್ಮವರೊಬ್ಬರು ಕೇಳಿದರು. ಮನೆಯ ಯಜಮಾನರು ನಕ್ಕರು. ಪಕ್ಕದಲ್ಲಿದ್ದ ದಿನಸಿ ಅಂಗಡಿಯವರು ನಗಲಿಲ್ಲ. “ಕೊಳವೆಬಾವಿ ಮೋಟಾರು ಸುಟ್ಟರೆ ಪಂಚಾಯಿತಿಯವರು ಕಾಸಿಲ್ಲ ಅಂತಾರೆ ಸ್ವಾಮಿ. ನಾನು ತರೋ ಸೋಪಿಗೂ ತೆರಿಗೆ, ಎಣ್ಣೆಗೂ ತೆರಿಗೆ. ಆ ಕಾಸೆಲ್ಲ ಎಲ್ಲಿಗೆ ಹೋಯ್ತು?” ಎಂದರು.

ಆ ಪ್ರಶ್ನೆ ನಮ್ಮ ಜೊತೆಯಲ್ಲಿಯೇ ಬಸ್ಸು ಹತ್ತಿ ಊರಿಗೆ ಬಂದಿತು.

ಅಂಗಡಿಯವರು ಜೇಬಿನಿಂದ ತೆಗೆದು ತೋರಿಸಿದ ಸಗಟು ವ್ಯಾಪಾರಿಯ ಬಿಲ್ಲು ನಮ್ಮ ಕಣ್ಣ ಮುಂದಿದೆ. ಅದರ ಕೆಳಭಾಗದಲ್ಲಿ ತೆರಿಗೆಯ ಎರಡು ಸಾಲುಗಳಿದ್ದವು: ಕೇಂದ್ರದ ಜಿಎಸ್‌ಟಿ ಒಂದು, ರಾಜ್ಯದ ಜಿಎಸ್‌ಟಿ ಇನ್ನೊಂದು, ಎರಡೂ ಸಮಪಾಲು. ಮೂರನೆಯ ಸಾಲೊಂದು ಇಲ್ಲ. ಸರಕು ಮಾರಾಟವಾಗುವ ಊರಿಗೆ, ಆ ಅಂಗಡಿಯ ಮುಂದಿನ ಚರಂಡಿಯನ್ನು ಬಳಿಯಬೇಕಾದ, ಬೀದಿದೀಪವನ್ನು ಹಚ್ಚಬೇಕಾದ ಸ್ಥಳೀಯ ಸಂಸ್ಥೆಗೆ ಆ ಬಿಲ್ಲಿನಲ್ಲಿ ಹೆಸರೇ ಇಲ್ಲ. ವರ್ಷಕ್ಕೆ ನಲವತ್ತು ಲಕ್ಷಕ್ಕಿಂತ ಕಡಿಮೆ ಸರಕು ಮಾರುವ ಹಳ್ಳಿಯ ಅಂಗಡಿಗಳು ನೋಂದಣಿಯಾಗಬೇಕಿಲ್ಲವೆಂಬುದು ನಿಜ. ಆದರೆ ಅವರು ತರುವ ಸರಕಿನಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ. ಅದನ್ನು ಕೊನೆಗೆ ಕೊಡುವವಳು ಅರ್ಧ ಕಿಲೋ ಸಕ್ಕರೆ ಕೊಳ್ಳುವ ತಾಯಿಯೇ.

ಹಿಂದೆ ಹೀಗಿರಲಿಲ್ಲ. ನಮ್ಮ ಹಿರಿಯ ಓದುಗರಲ್ಲಿ ಅನೇಕರಿಗೆ ಆಕ್ಟ್ರಾಯ್ ನಾಕಾಗಳ ನೆನಪು ಇದ್ದೀತು. ಊರ ಬಾಗಿಲಲ್ಲಿ ಅಡ್ಡಗಂಬ, ಪಕ್ಕದಲ್ಲೊಂದು ಗೂಡು, ಒಳಗೆ ರಸೀದಿ ಪುಸ್ತಕ ಹಿಡಿದ ಪುರಸಭೆಯ ಗುಮಾಸ್ತ. ಗಾಡಿಯಲ್ಲಿ ಬೆಲ್ಲ ಬರಲಿ, ಬಟ್ಟೆ ಬರಲಿ, ಊರೊಳಗೆ ಬಳಕೆಗೋ ಮಾರಾಟಕ್ಕೋ ಬರುವ ಸರಕಿನ ಮೇಲೆ ಪುರಸಭೆಯು ತಾನೇ ಸುಂಕವನ್ನೆತ್ತಿ ತಾನೇ ಖರ್ಚು ಮಾಡುತ್ತಿತ್ತು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಂತಹ ಹೆಸರುಗಳು ಸುಂಕದ ಹಳೆಯ ಕಾಲವನ್ನು ಇಂದಿಗೂ ನೆನಪಿಸುತ್ತವೆ. “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆ ಹುಟ್ಟಿದ್ದೂ ಸುಮ್ಮನೆ ಅಲ್ಲ. ನಾಕಾದಲ್ಲಿ ಗಂಟೆಗಟ್ಟಲೆ ಕಾಯಿಸುವುದು, ಕೈ ಬಿಸಿ ಮಾಡಿದವರ ಗಾಡಿ ಮೊದಲು ಬಿಡುವುದು, ಇವೆಲ್ಲ ಇದ್ದವು. ವ್ಯಾಪಾರಸ್ಥರು ಬೇಸತ್ತಿದ್ದರು. ಅಂತೂ 1979ರಲ್ಲಿ ಕರ್ನಾಟಕ ಸರ್ಕಾರವು ಆಕ್ಟ್ರಾಯನ್ನು ರದ್ದುಪಡಿಸಿ, ಅದರ ಬದಲಿಗೆ ಪ್ರವೇಶ ತೆರಿಗೆಯ ಕಾಯಿದೆಯನ್ನು ತಂದಿತು. ನಾಕಾಗಳು ಹೋದುದಕ್ಕೆ ನಮಗೆ ಕಿಂಚಿತ್ತೂ ವಿಷಾದವಿಲ್ಲ.

ಆದರೆ ಅಡ್ಡಗಂಬದ ಜೊತೆಗೆ ಇನ್ನೊಂದು ವಸ್ತುವೂ ಹೋಯಿತು. ಪ್ರವೇಶ ತೆರಿಗೆಯನ್ನು ಎತ್ತಿದವರು ರಾಜ್ಯದವರು. ಪುರಸಭೆಗಳು ತಮ್ಮ ಸ್ವಂತ ಆದಾಯಕ್ಕೆ ಬದಲಾಗಿ ರಾಜಧಾನಿಯಿಂದ ಬರುವ ಅನುದಾನಕ್ಕೆ ಕೈಯೊಡ್ಡುವಂತಾಯಿತು. ಗಳಿಸಿ ತಿನ್ನುತ್ತಿದ್ದ ಮಗನು ಅಣ್ಣನ ಮನೆಯ ಊಟಕ್ಕೆ ಕಾದು ಕುಳಿತಂತೆ. ಮುಂದೆ 2016ರ ಸಂವಿಧಾನ ತಿದ್ದುಪಡಿಯು ಪ್ರವೇಶ ತೆರಿಗೆಯ ಅಧಿಕಾರವನ್ನೇ ರಾಜ್ಯಪಟ್ಟಿಯಿಂದ ತೆಗೆಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಿತು. ಅಂದೇ ಮುಂಬಯಿಯ ಆಕ್ಟ್ರಾಯ್ ಕೂಡ ನಿಂತಿತು. ದಹಿಸರ್, ಮುಲುಂಡ್ ನಾಕಾಗಳನ್ನು ದಾಟಿ ಊರಿಗೆ ಬರುತ್ತಿದ್ದ ನಮ್ಮ ಮುಂಬಯಿ ಬಂಧುಗಳಿಗೆ ಅಲ್ಲಿನ ಲಾರಿಗಳ ಸಾಲು ಚೆನ್ನಾಗಿ ಗೊತ್ತು. ಆ ಮಹಾನಗರಪಾಲಿಕೆಗಾದರೂ ಮಹಾರಾಷ್ಟ್ರ ಸರ್ಕಾರವು ಕಾನೂನು ಮಾಡಿ ಪರಿಹಾರವನ್ನು ಗೊತ್ತುಪಡಿಸಿತು. ದೊಡ್ಡವರ ಕೂಗು ದೂರ ಕೇಳಿಸುತ್ತದೆ.

ತಾಯಲೂರಿನಂತಹ ಊರಿಗೆ ಉಳಿದಿರುವುದೇನು? 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯ 199ನೆಯ ಪ್ರಕರಣವು ಗ್ರಾಮ ಪಂಚಾಯಿತಿಗಳಿಗೆ ಮನೆಗಂದಾಯ, ನೀರಿನ ದರ, ಸಂತೆಯ ಶುಲ್ಕ, ಜಾತ್ರೆಗೆ ಮಾರಾಟಕ್ಕೆ ಬಂದ ರಾಸುಗಳ ನೋಂದಣಿ ಶುಲ್ಕ, ಬಸ್ಸು ಆಟೋ ನಿಲ್ದಾಣಗಳ ಶುಲ್ಕ ಮುಂತಾದವನ್ನು ಎತ್ತಲು ಅಧಿಕಾರ ನೀಡಿದೆ. ಇವುಗಳಲ್ಲಿ ಮಾರಾಟಕ್ಕೆ ತೀರ ಹತ್ತಿರವಾದುದು ಸಂತೆ ಸುಂಕ. ಅನೇಕ ಊರುಗಳಲ್ಲಿ ವರ್ಷಕ್ಕೊಮ್ಮೆ ಅದನ್ನು ಹರಾಜು ಹಾಕುತ್ತಾರೆ. ಹರಾಜು ಹಿಡಿದವನು ಒಟ್ಟು ಮೊತ್ತವನ್ನು ಪಂಚಾಯಿತಿಗೆ ಕಟ್ಟಿ, ಆಮೇಲೆ ಸೊಪ್ಪಿನ ಬುಟ್ಟಿಗಿಷ್ಟು, ಕೋಳಿಗಿಷ್ಟು ಎಂದು ಚೀಟಿ ಹರಿಯುತ್ತಾನೆ. ತಲೆಯ ಮೇಲೆ ಬುಟ್ಟಿ ಹೊತ್ತು ಬಂದ ಅಜ್ಜಿಯು ಕಟ್ಟುವ ಆ ಸುಂಕ ಊರಿನಲ್ಲೇ ಉಳಿಯುತ್ತದೆ. ಪೇಟೆಯಲ್ಲಿ ಸಾವಿರಗಟ್ಟಲೆ ಬೆಲೆಯ ಮೋಟಾರು ಬೈಕು ಕೊಂಡವನ ತೆರಿಗೆಯಲ್ಲಿ ಊರಿಗೆಂದು ಬರೆದ ಒಂದು ಕಾಸೂ ಇಲ್ಲ. ಇದೆಂತಹ ನ್ಯಾಯವೋ!

ಉಳಿದಂತೆ ಹಣಕಾಸು ಆಯೋಗದ ಅನುದಾನವೇ ಗತಿ. 15ನೆಯ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಪಂಚಾಯಿತಿಗಳ ಅನುದಾನದಲ್ಲಿ ಶೇಕಡಾ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೆ ಕಟ್ಟಿಹಾಕಿತು. ಉದ್ದೇಶ ಒಳ್ಳೆಯದೇ. ಸದಾ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ನೀರಿಗಿಂತ ಮುಖ್ಯವಾದುದು ಯಾವುದಿದೆ? ಆದರೂ ಯಾವ ಊರಿಗೆ ಯಾವುದು ಮೊದಲು ಬೇಕು ಎಂಬುದನ್ನು ಊರಿನವರಲ್ಲದೆ ಬೇರೆಯವರು ನಿರ್ಧರಿಸಿದರು ಎಂಬುದು ಉಳಿದೇ ಉಳಿಯುತ್ತದೆ.

ನಮ್ಮ ನಾಡಿಗೆ ಬೇರೊಂದು ರೂಢಿಯ ಪರಿಚಯವಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ನೋಡಿದರೆ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಕಾಣುತ್ತವೆ. ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ಸಭೆ ಸೇರಿ, ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ಧರ್ಮಕಾರ್ಯಗಳಿಗೆ ಬಿಟ್ಟುದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಎಷ್ಟು, ಯಾರಿಂದ, ಯಾವುದಕ್ಕೆ, ಮೂರೂ ಬೀದಿಯಲ್ಲಿ ನಿಂತ ಕಲ್ಲಿನ ಮೇಲೆ! ಕೋಲಾರ ಸೀಮೆಯ ಶಾಸನಗಳಲ್ಲಿ ಕೆರೆಯ ಕೆಲಸಕ್ಕೆಂದು ಬಿಟ್ಟ ಬಿತ್ತುವಟ್ಟ, ದಶವಂದಗಳ ಮಾತು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಇದೇ ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಹತ್ತನೆಯ ಶತಮಾನದ ಶೈವಗುರು ತ್ರಿಭುವನಕರ್ತರು ನಲವತ್ತು ವರ್ಷ ಸ್ಥಾನವನ್ನಾಳಿ, ದೇಗುಲಗಳೊಂದಿಗೆ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರೆಂದು ಶಾಸನ ಹೇಳುತ್ತದೆ.

ಶರಣರ ಸಮೂಹದಲ್ಲಿಯೂ ಸುಂಕದವನೊಬ್ಬನಿದ್ದ. ಸುಂಕದ ಬಂಕಣ್ಣನೆಂದೇ ಹೆಸರಾದ ಆ ವಚನಕಾರನಿಗೆ ಸುಂಕವೆತ್ತುವುದೇ ಕಾಯಕ. ಅಣ್ಣ ಬಸವಣ್ಣನವರೂ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಭಂಡಾರದ ಹಣವನ್ನು ದಾಸೋಹಕ್ಕೆ ಸುರಿದರೆಂದು ಕೊಂಡೆಯವರು ದೂರಿದಾಗ, ಅವರು ಲೆಕ್ಕವನ್ನು ತೆರೆದು ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಸುಂಕವೆತ್ತುವುದರಲ್ಲಿ ದೋಷವಿಲ್ಲ, ಲೆಕ್ಕ ಮುಚ್ಚಿಡುವುದರಲ್ಲಿದೆ ಎಂದು ನಾವು ಇದನ್ನು ತಿಳಿದಿದ್ದೇವೆ.

ಸಾಗರದಾಚೆಯ ಒಂದು ಊರಿನ ಸಂಗತಿಯನ್ನು ಇಲ್ಲಿ ಹೇಳಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ನಮ್ಮ ಕನ್ನಡ ಕುಟುಂಬಗಳು ಸಾಕಷ್ಟಿವೆ. ಆ ನಗರದ ಒಳಚರಂಡಿಗಳು ಹಳೆಯವಾಗಿ, ಮಳೆ ಬಂದಾಗ ಕೊಳಚೆಯು ಚಟ್ಟಹೂಚೀ ನದಿಗೆ ಹರಿಯುತ್ತಿತ್ತು. ನ್ಯಾಯಾಲಯದ ಕಟ್ಟಳೆಗಳಿಗೆ ಒಪ್ಪಿಕೊಂಡು ಅದನ್ನು ಸರಿಪಡಿಸಲೇಬೇಕಾಯಿತು. ಆಗ ಮೇಯರ್ ಆಗಿದ್ದ ಶರ್ಲಿ ಫ್ರಾಂಕ್ಲಿನ್ ಎಂಬ ಮಹಿಳೆ ತನ್ನನ್ನು ತಾನೇ ‘ಚರಂಡಿ ಮೇಯರ್’ ಎಂದು ಕರೆದುಕೊಂಡು ಈ ಕೆಲಸಕ್ಕೆ ನಿಂತರು. 2004ರಲ್ಲಿ ನಗರದ ಮತದಾರರ ಮುಂದೆ ಒಂದೇ ಪ್ರಶ್ನೆ: ನೀರು, ಒಳಚರಂಡಿಗಳಿಗಾಗಿ ಮಾರಾಟದ ಮೇಲೆ ಶೇಕಡಾ 1ರಷ್ಟು ಹೆಚ್ಚುವರಿ ತೆರಿಗೆಯನ್ನು ಕೊಡುವಿರಾ? ಜನ ಒಪ್ಪಿದರು. ಆದರೆ ಅದು ನಾಲ್ಕು ವರ್ಷಕ್ಕೆ ಮಾತ್ರ. ಅವಧಿ ಮುಗಿದೊಡನೆ ಮತ್ತೆ ಜನರ ಬಳಿಗೆ ಹೋಗಬೇಕು. 2008, 2012, 2016, 2020, 2024ರಲ್ಲಿ ಹಾಗೆಯೇ ಹೋದರು. ಪ್ರತಿ ಸಲವೂ ಮುಂದುವರಿಸಲು ಜನರು ಒಪ್ಪಿಗೆಯಿತ್ತರು. ತೆರಿಗೆಯನ್ನು ಯಾರೂ ಪ್ರೀತಿಸುವುದಿಲ್ಲ; ಅಲ್ಲಿಯವರೂ ಪ್ರೀತಿಸಿರಲಾರರು. ಅಗೆದ ಬೀದಿ, ಹೂಳಿದ ಕೊಳವೆ ಕಣ್ಣಿಗೆ ಕಂಡುದರಿಂದ ಕೊಟ್ಟರೆಂದು ನಮ್ಮ ಎಣಿಕೆ.

ಹಾಗೆಂದು ತಾಯಲೂರಿನ ಅಂಗಡಿಗಳ ಮೇಲೆ ಹೊಸದೊಂದು ತೆರಿಗೆಯನ್ನು ಹೇರಿರೆಂದು ನಾವು ಹೇಳುತ್ತಿಲ್ಲ. ಹಾಗೆ ಮಾಡಿದರೆ ಗಿರಾಕಿಯು ಮುಳಬಾಗಿಲಿಗೋ, ಗಡಿಯಾಚೆಯ ಪೇಟೆಗೋ ಬಸ್ಸು ಹತ್ತುತ್ತಾನೆ. ಮೊದಲು ಮುಚ್ಚುವುದು ಆ ದಿನಸಿ ಅಂಗಡಿಯೇ. ಮಾರಾಟದ ತೆರಿಗೆಯು ಉಳ್ಳವರನ್ನೂ ಇಲ್ಲದವರನ್ನೂ ಒಂದೇ ದರದಲ್ಲಿ ಹಿಡಿಯುತ್ತದೆಂಬ ಆಕ್ಷೇಪಣೆಯೂ ಸಣ್ಣದಲ್ಲ. ನಾವು ಕೇಳುವುದು ಈಗ ಕೊಡುತ್ತಿರುವುದರಲ್ಲಿ ಪಾಲು. ಬಿಲ್ಲಿನ ಎರಡು ಸಾಲುಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಮೂರನೆಯ ಸಾಲೊಂದು ಬರೆಯಲಿ. ಅಂಗಡಿಗಳಿಲ್ಲದ ಸಣ್ಣ ಹಳ್ಳಿ ಸೊರಗದಂತೆ ಜನಸಂಖ್ಯೆಯನ್ನೂ ನೋಡಿ ಹಂಚಲಿ. ಅರ್ಥಶಾಸ್ತ್ರಜ್ಞರಲ್ಲಿಯೂ ಕೆಲವರು ಸ್ಥಳೀಯ ಸಂಸ್ಥೆಗಳಿಗೆ ಜಿಎಸ್‌ಟಿಯಲ್ಲಿ ನಿಶ್ಚಿತ ಪಾಲು ಇರಬೇಕೆಂದು ವಾದಿಸಿದ್ದಾರೆ. ಆ ಹಣ ಯಾವ ಕೆಲಸಕ್ಕೆಂಬುದನ್ನು ಗ್ರಾಮಸಭೆ ಗೊತ್ತುಮಾಡಲಿ. ನಾಲ್ಕೈದು ವರ್ಷಗಳ ಬಳಿಕ ಅದೇ ಗ್ರಾಮಸಭೆ ಲೆಕ್ಕ ಕೇಳಿ, ಮುಂದುವರಿಸುವುದೋ ಬದಲಿಸುವುದೋ ಹೇಳಲಿ. ಪಾಲು ಕೊಟ್ಟರೆ ಗುತ್ತಿಗೆದಾರರೂ ಸದಸ್ಯರೂ ಸೇರಿ ನುಂಗುತ್ತಾರೆ ಎನ್ನುವವರಿದ್ದಾರೆ. ನುಂಗುವವರು ಅನುದಾನವನ್ನೂ ಬಿಟ್ಟಾರೆಯೇ? ತನ್ನ ಅಂಗಡಿಯ ಬಿಲ್ಲಿನಲ್ಲಿ ತನ್ನೂರಿನ ಹೆಸರನ್ನು ಕಂಡವನು ಸಭೆಯಲ್ಲಿ ಎದ್ದು ನಿಂತು ಕೇಳುವ ಬಗೆಯೇ ಬೇರೆ.

ಇಷ್ಟನ್ನು ಬರೆಯುವಾಗ ನಮ್ಮ ಮನೆಯಾಕೆ ಒಂದು ಮಾತು ಕೇಳಿದರು: “ಊರಿನ ಮನೆಯ ಕಂದಾಯ ಕಟ್ಟಿದ್ದೀರಾ?” ಹುಡುಕಿ ನೋಡಿದರೆ ಕಡೆಯ ರಸೀದಿಗೆ ಮೂರು ವರ್ಷಗಳಾಗಿದ್ದವು. ನಾಚಿಕೆಯಾಯಿತು. ಮರುವಾರವೇ ಹೋಗಿ ಬಾಕಿಯನ್ನು ಕಟ್ಟಿದೆವು. ರಸೀದಿಯಲ್ಲಿ ತೆರಿಗೆಯ ಪ್ರತಿ ರೂಪಾಯಿಗೆ ಗ್ರಂಥಾಲಯ ಕರವೆಂದು 6 ಪೈಸೆ, ಭಿಕ್ಷುಕರ ಪುನರ್ವಸತಿಗೆಂದು 3 ಪೈಸೆ ಪ್ರತ್ಯೇಕವಾಗಿ ನಮೂದಾಗಿತ್ತು. ಅಷ್ಟು ವರ್ಷ ಕಟ್ಟಿಯೂ ಆ ಸಾಲುಗಳನ್ನು ನಾವು ಓದಿಯೇ ಇರಲಿಲ್ಲ. ಎದುರಿಗೇ ಇದ್ದ ಗ್ರಂಥಾಲಯಕ್ಕೆ ಹೋದೆವು. ಬಾಗಿಲು ತೆರೆದಿತ್ತು. ಶಾಲೆ ಬಿಟ್ಟು ಬಂದ ಐದಾರು ಮಕ್ಕಳು ನೆಲದ ಮೇಲೆ ಕುಳಿತು ಓದುತ್ತಿದ್ದರು. ಕಪಾಟಿನ ಗಾಜು ಒಡೆದಿತ್ತು. ಅದನ್ನು ಹಾಕಿಸಲು ಕರದ ಹಣ ಯಾವಾಗ ಬರುತ್ತದೆಂದು ಮೇಲ್ವಿಚಾರಕರನ್ನು ಕೇಳಿದೆವು. “ಮುಂದಿನ ಗ್ರಾಮಸಭೆಗೆ ಬನ್ನಿ, ಅಲ್ಲಿ ನೀವೇ ಕೇಳಿ ಸ್ವಾಮಿ” ಎಂದು ಅವರು ದಿನಾಂಕವನ್ನು ನಮ್ಮ ರಸೀದಿಯ ಹಿಂಬದಿಯಲ್ಲಿ ಬರೆದುಕೊಟ್ಟರು.