ಶಟರ್ ಸಿಕ್ಕಿಕೊಂಡಾಗ ಅವಸರವೇ ಅಪಾಯ

ಚಿಕ್ಕಬಳ್ಳಾಪುರ: ಬೆಳಗಿನ ಜಾವ ನಾಲ್ಕೂವರೆ ಗಂಟೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಡಬೇಕಾದ ವಾಹನ ಮನೆಯ ನೆಲಮಹಡಿಯಲ್ಲಿ ಸಿದ್ಧವಾಗಿ ನಿಂತಿದೆ. ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿದೆ. ಮಾರಾಟ ತಡವಾದರೆ ಗೂಡು ಸೀಳಿಕೊಂಡು ಪತಂಗ ಹೊರಬರುವ ಭಯ. ಮನೆಯವರೆಲ್ಲ ಸೇರಿ ಶಟರ್‌ಗೆ ಭುಜ ಕೊಡುತ್ತಾರೆ. ಅವಘಡಗಳು ಘಟಿಸುವುದು ಇಂಥ ಗಳಿಗೆಯಲ್ಲೇ.

ಇದು ಒಂದು ಊರಿನ ಸಮಸ್ಯೆಯಲ್ಲ. ಚಿಂತಾಮಣಿಯಲ್ಲಿ ತರಕಾರಿ ಸಾಗಿಸುವವರಿಗೆ, ಗೌರಿಬಿದನೂರಿನಲ್ಲಿ ಪಾಳಿಯ ಕೆಲಸಕ್ಕೆ ಹೊರಡುವವರಿಗೆ, ಚಿಕ್ಕಬಳ್ಳಾಪುರದಿಂದ ನಸುಕಿನಲ್ಲೇ ಬೆಂಗಳೂರಿನತ್ತ ಹೂವು ಒಯ್ಯುವವರಿಗೆ ಶಟರ್ ತೆರೆಯದಿದ್ದರೆ ಅಂದಿನ ದುಡಿಮೆಯೇ ನಿಂತಂತೆ. ಆಸ್ಪತ್ರೆಗೆ ಒಯ್ಯಬೇಕಾದ ರೋಗಿ ಮನೆಯಲ್ಲಿದ್ದರಂತೂ ಪರಿಸ್ಥಿತಿ ಇನ್ನೂ ಗಂಭೀರ.

ಬಾಡಿಗೆಯ ಆಸೆ, ವಾಹನದ ಆಸರೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಪಟ್ಟಣಗಳಲ್ಲಿ ಮನೆ ಕಟ್ಟುವವರು ರಸ್ತೆಯ ಕಡೆಗೆ ಒಂದೆರಡು ಅಂಗಡಿ ಮಳಿಗೆಗಳನ್ನು ಬಿಡುವುದು ರೂಢಿ. ಬಾಡಿಗೆಗೆ ಜನ ಬಾರದಿದ್ದರೆ ಆ ಮಳಿಗೆ ಕಾರು, ಬೈಕುಗಳ ನಿಲ್ದಾಣವಾಗುತ್ತದೆ. ಹೀಗಾಗಿ ಇಲ್ಲಿ ಗ್ಯಾರೇಜ್ ಬಾಗಿಲು ಎಂದರೆ ಬಹುಮಟ್ಟಿಗೆ ರೋಲಿಂಗ್ ಶಟರ್. ಅಂಗಡಿಗೆಂದು ಹಾಕಿಸಿದ ಈ ಶಟರ್ ಮನೆಯ ದಿನನಿತ್ಯದ ಬಾಗಿಲಾದಾಗ ಅದರ ಸವೆತವೂ ಹೆಚ್ಚು.

ಶಟರ್ ಕೆಲಸ ಮಾಡುವ ಬಗೆ

ಶಟರ್ ಎಂದರೆ ಒಂದಕ್ಕೊಂದು ಕೊಂಡಿಯಂತೆ ಹೆಣೆದುಕೊಂಡ ಉಕ್ಕಿನ ಪಟ್ಟಿಗಳ ಪರದೆ. ಎರಡು ಬದಿಯ ಚಾನೆಲ್‌ಗಳು ಅದಕ್ಕೆ ದಾರಿ ತೋರುತ್ತವೆ. ಮೇಲೆ ಅಡ್ಡಲಾಗಿರುವ ಪೈಪಿನ ಸುತ್ತ ಪರದೆ ಸುತ್ತಿಕೊಳ್ಳುತ್ತದೆ. ಆ ಪೈಪಿನಲ್ಲಿ ಅಡಗಿರುವ ಸ್ಪ್ರಿಂಗ್‌ಗಳೇ ಇಡೀ ವ್ಯವಸ್ಥೆಯ ಜೀವಾಳ. ಶಟರ್ ಇಳಿಸಿದಂತೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಎತ್ತುವಾಗ ಅದೇ ಬಿಗಿತ ಭಾರವನ್ನು ಹೊರುತ್ತದೆ.

ಈ ಭಾರ ಸಣ್ಣದಲ್ಲ. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಶಟರ್‌ಗೆ 1.2 ಮಿಲಿಮೀಟರ್ ದಪ್ಪದ ತಗಡು ಬಳಸಿದರೆ ಸಪಾಟು ತಗಡಿನ ಲೆಕ್ಕದಲ್ಲೇ ತೂಕ ಸುಮಾರು 70 ಕಿಲೋ. ಪಟ್ಟಿಗಳ ಮಡಿಕೆ ಹಾಗೂ ತಳದ ಪಟ್ಟಿ ಸೇರಿದರೆ ಇನ್ನೂ ಹೆಚ್ಚು. ಪ್ರತಿದಿನ ಒಂದೇ ಕೈಯಲ್ಲಿ ಎತ್ತುವ ಗೃಹಿಣಿಗೆ ಈ ಭಾರ ತಿಳಿಯದಿರುವುದು ಸ್ಪ್ರಿಂಗ್‌ನ ಉಪಕಾರ. ಅದು ತುಂಡಾದ ಗಳಿಗೆಯಲ್ಲಿ ಅಷ್ಟೂ ತೂಕ ಎತ್ತುವವರ ಕೈಗೆ ಬರುತ್ತದೆ.

ಶಬ್ದ, ಓಟ ನೋಡಿ ದೋಷ ತಿಳಿಯಿರಿ

ಢಂ ಎಂಬ ಸದ್ದು ಕೇಳಿಸಿ, ಬಳಿಕ ಶಟರ್ ಏಕಾಏಕಿ ಭಾರವಾದರೆ ಸ್ಪ್ರಿಂಗ್ ತುಂಡಾಗಿದೆ ಎಂದೇ ತಿಳಿಯಬೇಕು. ಹಲವು ಸ್ಪ್ರಿಂಗ್‌ಗಳಲ್ಲಿ ಒಂದು ಮಾತ್ರ ಮುರಿದಿದ್ದರೆ ಶಟರ್ ಸ್ವಲ್ಪ ಭಾರವಾಗಿ, ಅರ್ಧಕ್ಕೆ ನಿಲ್ಲದೆ ಜಾರುತ್ತದೆ. ಇದು ಮುನ್ಸೂಚನೆ, ಕಡೆಗಣಿಸಬಾರದು.

ಶಟರ್ ಓರೆಯಾಗಿ ಒಂದು ಬದಿಯಲ್ಲಿ ಸಿಕ್ಕಿಕೊಂಡರೆ ಪಟ್ಟಿಗಳು ಪಕ್ಕಕ್ಕೆ ಸರಿದಿರಬಹುದು ಅಥವಾ ವಾಹನ ತಗುಲಿ ಚಾನೆಲ್ ಬಾಗಿರಬಹುದು. ಕೆಂಪು ಮಣ್ಣಿನ ಧೂಳು, ಕಲ್ಲುಪುಡಿ ಚಾನೆಲ್‌ನಲ್ಲಿ ಗಟ್ಟಿಯಾಗಿ ಕೂರುವುದೂ ಇಲ್ಲಿನ ಸಾಮಾನ್ಯ ಕಾರಣ. ಅಲುಗಾಡದೆ ನಿಂತ ಶಟರ್‌ನಲ್ಲಿ ಮೊದಲು ನೋಡಬೇಕಾದದ್ದು ಬೀಗವನ್ನು. ಎರಡೂ ಬದಿಯ ಬೀಗಗಳಲ್ಲಿ ಒಂದರ ನಾಲಿಗೆ ಹಿಂದೆ ಸರಿಯದೆ ಉಳಿದಿರುವುದುಂಟು.

ಮೋಟಾರು ಶಟರ್ ನಿಂತರೆ ಮೊದಲು ವಿದ್ಯುತ್ ಇದೆಯೇ ಎಂದು ನೋಡಬೇಕು. ಇಂಥ ಶಟರ್‌ಗಳಿಗೆ ಸಾಮಾನ್ಯವಾಗಿ ಕೈಸರಪಳಿ ಅಥವಾ ಹಿಡಿ ಇರುತ್ತದೆ. ಮುಖ್ಯ ಸ್ವಿಚ್ ಆರಿಸಿದ ನಂತರವೇ ಅದನ್ನು ಬಳಸಬೇಕು. ಸರಪಳಿ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಮೊದಲೇ ತಿಳಿದಿರಬೇಕು.

ಮೊದಲ ಹತ್ತು ನಿಮಿಷ

ತುರ್ತು ಸಮಯದಲ್ಲಿ ಮೊದಲ ಕೆಲಸ ಬಾಗಿಲನ್ನು ತೆರೆಯುವುದಲ್ಲ. ಅದು ಬೀಳದಂತೆ ತಡೆಯುವುದು. ಮಕ್ಕಳನ್ನು ದೂರ ಕಳುಹಿಸಬೇಕು. ಅರ್ಧಕ್ಕೆ ನಿಂತ ಶಟರ್‌ನ ಅಡಿಯಲ್ಲಿ ನುಸುಳಬಾರದು. ತಳದ ಪಟ್ಟಿಯ ಎರಡೂ ತುದಿಗೆ ಗಟ್ಟಿ ಮರದ ತೊಲೆ ಅಥವಾ ಕಬ್ಬಿಣದ ಆಸರೆ ಕೊಡಬೇಕು. ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅವು ಜಾರಿ ಬೀಳಬಹುದು.

ವಾಹನ ಹೊರತೆಗೆಯಲೇಬೇಕಾದಾಗ, ಪರದೆ ನೇರವಾಗಿದ್ದು ಸ್ಪ್ರಿಂಗ್ ಮಾತ್ರ ಹೋಗಿದ್ದರೆ, ಮೂರು ನಾಲ್ಕು ಮಂದಿ ಒಟ್ಟಾಗಿ ಸಮನಾಗಿ ಎತ್ತಬೇಕು. ಎತ್ತಿದಷ್ಟಕ್ಕೂ ಕೆಳಗಿನಿಂದ ಆಸರೆ ಕೊಡುತ್ತ ಹೋಗಬೇಕು. ಪಟ್ಟಿಗಳ ಸಂದಿಗೆ ಬೆರಳು ಇಡಬಾರದು. ಓರೆಯಾಗಿ ಸಿಕ್ಕಿಕೊಂಡ ಶಟರ್ ಅನ್ನು ಬಲವಂತದಿಂದ ಎಳೆದರೆ ಪರದೆಯೇ ಚಾನೆಲ್ ಬಿಟ್ಟು ಕಳಚಿ ಬೀಳಬಹುದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಶಟರ್ ಹೇಗೂ ತೆರೆಯುತ್ತದೆಂದು ಒಳಗೆ ಎಂಜಿನ್ ಚಾಲೂ ಮಾಡಿ ಇಡಬಾರದು. ಮುಚ್ಚಿದ ಜಾಗದಲ್ಲಿ ಹೊಗೆಯೊಂದಿಗೆ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಪ್ರಾಣಕ್ಕೇ ಎರವಾಗುತ್ತದೆ.

ಮಳೆಯ ದಿನಗಳಲ್ಲಿ ಶಟರ್ ಮುಟ್ಟಿದಾಗ ಜುಮ್ಮೆಂದರೆ ಕೂಡಲೇ ಕೈಬಿಟ್ಟು ಮನೆಯ ಮುಖ್ಯ ಸ್ವಿಚ್ ಆರಿಸಬೇಕು. ನಾಮಫಲಕದ ಅಥವಾ ದೀಪದ ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿದ್ದರೆ ಹೀಗಾಗುತ್ತದೆ. ಹೊರಗಿನ ತಂತಿ ಬಿದ್ದಿದ್ದರೆ ಬೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು. ಯಾರಾದರೂ ಶಟರ್ ಅಡಿಯಲ್ಲಿ ಸಿಲುಕಿದ್ದರೆ 112ಕ್ಕೆ, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು.

ಸ್ಪ್ರಿಂಗ್‌ಗೆ ಕೈ ಹಾಕಬೇಡಿ

ಚಾನೆಲ್ ಒರೆಸುವುದು, ಬೀಗಕ್ಕೆ ಎಣ್ಣೆ ಬಿಡುವುದು ಮನೆಯವರೇ ಮಾಡಬಹುದಾದ ಕೆಲಸ. ಸ್ಪ್ರಿಂಗ್ ಮಾತ್ರ ಹಾಗಲ್ಲ. ಶಟರ್ ಮುಚ್ಚಿರುವಾಗ ಅದರ ಬಿಗಿತ ಅತ್ಯಧಿಕ. ಆ ಸ್ಥಿತಿಯಲ್ಲಿ ಬ್ರಾಕೆಟ್‌ನ ಬೋಲ್ಟ್ ಸಡಿಲಿಸಿದರೆ ಪೈಪು ರಭಸದಿಂದ ತಿರುಗಿ ಕೈಮೂಳೆ ಮುರಿಯಬಹುದು. ಏಣಿಯ ಮೇಲಿರುವವರು ಕೆಳಗುರುಳಬಹುದು. ಅದು ನುರಿತ ಕೆಲಸಗಾರರ ಕೆಲಸ.

ಅಂಥವರನ್ನು ಹುಡುಕಲು ದೂರ ಹೋಗಬೇಕಿಲ್ಲ. ಶಟರ್ ತಯಾರಿಸಿದವರು ಅದರ ಮೇಲೆಯೇ ತಮ್ಮ ಹೆಸರು, ಮೊಬೈಲ್ ಸಂಖ್ಯೆಯನ್ನು ಬಣ್ಣದಲ್ಲಿ ಬರೆದಿರುವುದುಂಟು. ಅದು ಮಾಸುವ ಮುನ್ನ ಬರೆದಿಟ್ಟುಕೊಳ್ಳುವುದು ಜಾಣತನ. ಶಟರ್‌ನ ಅಗಲ, ಎತ್ತರ, ಸ್ಪ್ರಿಂಗ್‌ಗಳ ಸಂಖ್ಯೆಯನ್ನು ಫೋನಿನಲ್ಲೇ ಹೇಳಿದರೆ ಕೆಲಸಗಾರರು ತಕ್ಕ ಸಾಮಗ್ರಿಯೊಂದಿಗೇ ಬರುತ್ತಾರೆ. ಎರಡನೆಯ ಓಡಾಟ ತಪ್ಪುತ್ತದೆ. ಸಾಮಗ್ರಿಯ ಬೆಲೆ, ಕೂಲಿ, ರಾತ್ರಿ ಬರುವ ವೆಚ್ಚ ಎಷ್ಟೆಂದು ಮೊದಲೇ ಕೇಳಿ ತಿಳಿಯಬೇಕು. ಒಂದು ಸ್ಪ್ರಿಂಗ್ ತುಂಡಾಗಿದ್ದರೆ ಉಳಿದವುಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಕೊನೆಗೆ ಅಗ್ಗ.

ಹೊಸ ಶಟರ್ ಹಾಕಿಸುವವರು ರೋಲಿಂಗ್ ಶಟರ್‌ಗಳ ಭಾರತೀಯ ಮಾನಕವಾದ ಐಎಸ್ 6248ರಂತೆ ತಯಾರಾಗಿದೆಯೇ ಎಂದು ವಿಚಾರಿಸಬೇಕು. ಸುಮಾರು ಹತ್ತು ಚದರ ಮೀಟರ್ ಮೀರಿದ ಶಟರ್‌ಗೆ ಕೈಯಿಂದ ಎತ್ತುವ ಬಗೆಗಿಂತ ಗೇರ್ ಸರಪಳಿ ಲೇಸು. ಮೋಟಾರು ಬೇಕೆನ್ನುವವರು ಅಡ್ಡಿ ಸಿಕ್ಕೊಡನೆ ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಅಮೆರಿಕದಲ್ಲಿ ಗ್ಯಾರೇಜ್ ಬಾಗಿಲುಗಳ ಅಡಿ ಸಿಲುಕಿ ಮಕ್ಕಳು ಸತ್ತ ಪ್ರಕರಣಗಳ ಬಳಿಕ, 1993ರ ಜನವರಿ 1ರಿಂದ ಮನೆಬಳಕೆಗೆ ತಯಾರಾಗುವ ಮೋಟಾರುಗಳಿಗೆ ಸಿಲುಕುವಿಕೆ ತಡೆಯುವ ವ್ಯವಸ್ಥೆಯನ್ನು ಕಾನೂನಿನಲ್ಲೇ ಕಡ್ಡಾಯಗೊಳಿಸಲಾಯಿತು.

ಎರಡನೆಯ ಬಾಗಿಲು ಇರಲಿ

ತಿಂಗಳಿಗೊಮ್ಮೆ ಚಾನೆಲ್ ಅನ್ನು ಒಣಬಟ್ಟೆಯಿಂದ ಒರೆಸಬೇಕು. ಅಲ್ಲಿಗೆ ದಪ್ಪ ಗ್ರೀಸ್ ಬಳಿದರೆ ಧೂಳು ಅಂಟಿ ಹೊಸ ತೊಂದರೆ ಹುಟ್ಟುತ್ತದೆ. ತೆಳು ಎಣ್ಣೆಯೇ ಸಾಕು. ಮಳೆಗಾಲಕ್ಕೆ ಮುನ್ನ ತಳದ ಪಟ್ಟಿಯ ತುಕ್ಕು ತೆಗೆದು ಬಣ್ಣ ಹಚ್ಚಬೇಕು. ಶಟರ್ ಬದಲು ತಳ್ಳುವ ಗೇಟು ಇರುವ ಮನೆಗಳಲ್ಲಿ ಗೇಟು ಹಳಿ ದಾಟಿ ಉರುಳದಂತೆ ತುದಿಯಲ್ಲಿ ಗಟ್ಟಿ ತಡೆ ಇದೆಯೇ ಎಂದು ನೋಡಬೇಕು. ಅದನ್ನು ತಳ್ಳಿ ಆಡುವ ಮಕ್ಕಳ ಮೇಲೆ ಕಣ್ಣಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮನೆಗೆ ಇನ್ನೊಂದು ದಾರಿ. ಮೇಲಿನ ಮನೆಯ ಮೆಟ್ಟಿಲು ಶಟರ್‌ನ ಒಳಗೇ ಇದ್ದರೆ, ಶಟರ್ ಕೆಟ್ಟ ರಾತ್ರಿ ಬೆಂಕಿ ಹೊತ್ತಿಕೊಂಡಾಗ ಮನೆಮಂದಿಗೆ ಹೊರಬರುವ ದಾರಿಯೇ ಇರುವುದಿಲ್ಲ. ಪಕ್ಕದಲ್ಲೊಂದು ಸಣ್ಣ ಬಾಗಿಲು ಇಡಿಸುವ ಖರ್ಚು ಕಟ್ಟುವಾಗ ಅಲ್ಪವೇ. ವಾಹನ ಒಂದು ದಿನ ಒಳಗೇ ಉಳಿದರೆ ನಷ್ಟ ಹಣದ್ದಷ್ಟೇ. ಮನುಷ್ಯರು ಒಳಗೇ ಉಳಿಯುವಂತಾಗಬಾರದು.