ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ ಹೊರೆ

ಎಂಟು ಹತ್ತು ವರ್ಷ ಬಳಸಿದ ಅಗ್ಗದ ಲ್ಯಾಪ್‌ಟಾಪು ಆಮೆಯ ನಡಿಗೆ ಹಿಡಿದರೆ, ಅದಕ್ಕೆ ಮುಪ್ಪು ಬಂದಿತೆಂದು ನಾವು ಭಾವಿಸುವುದು ವಾಡಿಕೆ. ಗಾಡಿಯ ಅಚ್ಚು ಸವೆಯುವುದು ನಿಜ. ಆದರೆ ಗಣಕಯಂತ್ರದ ಪ್ರೊಸೆಸರಿನಲ್ಲಿ ಉಜ್ಜಿ ಸವೆಯುವ ಭಾಗವೇ ಇಲ್ಲ. ಧೂಳು ಕಟ್ಟಿ ಅದರ ಕಾವು ಏರದಿದ್ದರೆ, ಕೊಂಡ ದಿನದಷ್ಟೇ ವೇಗವಾಗಿ ಅದು ಇಂದೂ ಲೆಕ್ಕ ಮಾಡಬಲ್ಲುದು. ಹಾಗಾದರೆ ಈ ನಿಧಾನಕ್ಕೆ ಕಾರಣವೇನು?

ಗಣಕವು ಕೆಲಸದ ಸಮಯದಲ್ಲಿ ಬೇಕಾದುದನ್ನು ಮೆಮೊರಿಯಲ್ಲಿ ಇರಿಸಿಕೊಳ್ಳುತ್ತದೆ. ಮೆಮೊರಿ ತುಂಬಿದರೆ ಅದರ ಒಂದು ಭಾಗವನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರಬೇಕಾಗುತ್ತದೆ. ಮೆಮೊರಿಯಿಂದ ಒಂದು ಅಂಶವನ್ನು ತರಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಡಿಸ್ಕಿನಿಂದ ತರಲು ಸುಮಾರು 10 ಮಿಲಿಸೆಕೆಂಡು ಬೇಕು. ಇದು ಒಂದು ಲಕ್ಷ ಪಟ್ಟು ಹೆಚ್ಚು. ಮೊದಲನೆಯದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದೆವೆಂದರೆ ಎರಡನೆಯದು ಸುಮಾರು 28 ಗಂಟೆಗಳಾಗುತ್ತದೆ! ನಿಧಾನವಾದ ಯಂತ್ರವು ಬಹುಪಾಲು ದುಡಿಯುತ್ತಿರುವುದಿಲ್ಲ, ಕಾಯುತ್ತಿರುತ್ತದೆ.

ಮೆಮೊರಿ ತುಂಬುವುದಾದರೂ ಏಕೆ? ಯಂತ್ರವು ಇದ್ದಂತೆಯೇ ಇದ್ದರೂ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಬೆಳೆಯುತ್ತ ಹೋಗುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಮೆಗಾಬೈಟು ಮೆಮೊರಿ ಸಾಕಾಗಿದ್ದಿತು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟು ಬೇಕು. ಇಪ್ಪತ್ತು ವರ್ಷಗಳಲ್ಲಿ 64 ಪಟ್ಟು! ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿದುದರಿಂದ, ಹೊಸದಕ್ಕೆ ಏರಲಾರದ ಯಂತ್ರಗಳು ಮೂಲೆ ಸೇರುತ್ತಿವೆ.

ಹೊರುವವನ ಬಲವನ್ನು ಹೆಚ್ಚಿಸಲಾಗದಿದ್ದರೆ ಹೊರೆಯನ್ನು ಇಳಿಸಬಹುದಷ್ಟೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ. ಅದರ ಹಗುರವಾದ ರೂಪಗಳಲ್ಲಿ ತೆರೆಯ ಅಲಂಕಾರಗಳೂ ಹಿನ್ನೆಲೆಯ ಕೆಲಸಗಳೂ ಕಡಮೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯು 2 ಗಿಗಾಬೈಟು ಮೆಮೊರಿಯಲ್ಲಿ ನಡೆಯುತ್ತದೆ. ಆಂಟಿಎಕ್ಸ್‌ಗೆ ಇನ್ನೂ ಕಡಮೆ ಸಾಕು.

ಮಾಡುವ ಕ್ರಮ ಕಷ್ಟವಾದುದಲ್ಲ. ಮೊದಲು ನಮ್ಮ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಡಬೇಕು. ಡಿಸ್ಕನ್ನು ಅಳಿಸಿ ಲಿನಕ್ಸನ್ನು ಸ್ಥಾಪಿಸಿದ ಮೇಲೆ ಅವು ಸುಲಭವಾಗಿ ಮರಳಿ ಸಿಗವು. ಬಳಿಕ ಲಿನಕ್ಸನ್ನು ಪೆನ್ ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಆರಂಭಿಸಬೇಕು. ಡಿಸ್ಕನ್ನು ಮುಟ್ಟದೆಯೇ ವೈ-ಫೈ, ಧ್ವನಿ, ಕೀಲಿಮಣೆಗಳನ್ನು ಪರೀಕ್ಷಿಸಬಹುದು. ಎಲ್ಲವೂ ಸರಿಯಿದ್ದರೆ ಮಾತ್ರ ಸ್ಥಾಪಿಸಬೇಕು. ತೀರ ಹಳೆಯ 32 ಬಿಟ್ ಪ್ರೊಸೆಸರುಗಳನ್ನು ಅನೇಕ ಆವೃತ್ತಿಗಳು ಕೈಬಿಟ್ಟಿರುವುದರಿಂದ ಅದನ್ನೂ ನೋಡಿಕೊಳ್ಳುವುದು ಮೇಲು.

ಇದರಿಂದ ಸಕಲವೂ ಸಾಧ್ಯವೆಂದು ನಾವು ಹೇಳುವುದಿಲ್ಲ. ವಿಂಡೋಸಿಗೆಂದೇ ರಚಿತವಾದ ಕೆಲವು ತಂತ್ರಾಂಶಗಳು ಇದರಲ್ಲಿ ನಡೆಯವು. ಬ್ರೌಸರಿನಲ್ಲಿ ಹತ್ತಾರು ಪುಟಗಳನ್ನು ಒಮ್ಮೆಗೇ ತೆರೆದರೆ ಮೆಮೊರಿ ಮತ್ತೆ ತುಂಬುತ್ತದೆ. ಆದರೆ ಪಾಠದ ಟಿಪ್ಪಣಿ ಬರೆಯಲು, ಲೆಕ್ಕದ ಹಾಳೆ ತುಂಬಲು, ಯೂನಿಕೋಡ್ ಕನ್ನಡವನ್ನು ಓದಲು ಈ ಯಂತ್ರ ಸಾಲದೆ ಬರುವುದಿಲ್ಲ. ಹೊಸದನ್ನು ಕೊಳ್ಳಲಾರದ ವಿದ್ಯಾರ್ಥಿಗೆ ಇಷ್ಟು ದೊರೆತರೆ ಅದು ಅಲ್ಪ ಲಾಭವಲ್ಲ. ಆದುದರಿಂದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು, ಸವೆದಿರುವುದು ಯಂತ್ರವೋ ಅಥವಾ ಅದರ ಮೇಲಿನ ಹೊರೆ ಹೆಚ್ಚಾಗಿದೆಯೋ ಎಂಬುದನ್ನು ಒಂದು ಪೆನ್ ಡ್ರೈವಿನಿಂದ ಪರೀಕ್ಷಿಸಿ ನೋಡುವುದು ಲೇಸು.